ಖಾಲಿಯಿರಬೇಕಾದ ಕಟ್ಟೆ

ಕುಣಿಗಲ್ ತಾಲ್ಲೂಕಿನ ನಮ್ಮ ತೋಟದ ಮೇಲ್ಭಾಗದಲ್ಲಿ ಗುಡ್ಡದಿಂದ ಇಳಿಯುವ ಸಣ್ಣ ಹಳ್ಳವೊಂದಿದೆ. ವರ್ಷದ ಬಹುಪಾಲು ಒಣಗಿಯೇ ಇರುವ ಅದು, 2022ರ ಮಳೆಗಾಲದಲ್ಲಿ ಒಂದೇ ರಾತ್ರಿಗೆ ರಾಗಿ ಹೊಲದ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ ಅಡಿಕೆ ಸಾಲಿಗೆ ಮರಳು ತುಂಬಿತು. ಮರುಬೇಸಿಗೆಯಲ್ಲಿ ಪಂಚಾಯಿತಿಯ ಒಪ್ಪಿಗೆ ಪಡೆದು, ಕೆಳಗಿನ ಹೊಲದವರನ್ನೂ ಸೇರಿಸಿಕೊಂಡು, ನುಗ್ಗಿ ಬರುವ ನೀರನ್ನು ತಡೆದು ನಿಧಾನವಾಗಿ ಬಿಡಲೆಂದು ಹಳ್ಳಕ್ಕೆ ಅಡ್ಡವಾಗಿ ಹತ್ತು ಅಡಿ ಎತ್ತರದ ಮಣ್ಣಿನ ಏರಿ ಹಾಕಿದೆವು.

ಪಾಯವೇ ಅರ್ಧ ಕೆಲಸ. ಏರಿಯ ಉದ್ದಕ್ಕೂ ನಡುವೆ, ಮರಳು ದಾಟಿ ಗಟ್ಟಿ ನೆಲ ಸಿಗುವವರೆಗೆ ಕಂದಕ ತೋಡಿ, ಅಲ್ಲಿಂದಲೇ ಜೇಡಿಮಣ್ಣಿನ ಗೋಡೆ ಎಬ್ಬಿಸಿ, ಅದರ ಎರಡೂ ಮಗ್ಗುಲಿಗೆ ಗೊರಚಲು ಕೊಟ್ಟೆವು. ಅರ್ಧ ಅಡಿಗೊಂದು ಪದರ ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿದೆವು. ಹದ ನೋಡಲು ಕೈಯೇ ಸಾಕು: ಹಿಂಡಿದ ಮಣ್ಣು ಉಂಡೆಯಾಗಿ ನಿಲ್ಲಬೇಕು, ಅಂಗೈಗೆ ಮೆತ್ತಬಾರದು, ಒತ್ತಿದರೆ ಪುಡಿಯಾಗದೆ ಎರಡು ಹೋಳಾಗಬೇಕು. ಕೋಡಿಯನ್ನು ಏರಿಯ ಮೇಲಲ್ಲ, ಪಕ್ಕದ ಗಟ್ಟಿ ನೆಲದಲ್ಲಿ, ಏರಿಯ ನೆತ್ತಿಗಿಂತ ಮೂರು ಅಡಿ ತಗ್ಗಿಗೆ ಇಟ್ಟೆವು.

ಜನರನ್ನು ಒಪ್ಪಿಸಲು ಕಷ್ಟವಾದದ್ದು ಏರಿಯ ತಳದಲ್ಲಿ ನೀರು ಹೊರಹೋಗಲು ಇಟ್ಟ ಕೊಳವೆಯ ವಿಷಯದಲ್ಲಿ. ಅದಕ್ಕೆ ಗೇಟಿಲ್ಲ, ಒಂದು ಗಂಟೆಯಲ್ಲಿ ನುಗ್ಗಿ ಬಂದ ನೀರು ಒಂದು ದಿನವೆಲ್ಲ ನಿಧಾನವಾಗಿ ಹೊರಗೆ ಹರಿಯುತ್ತದೆ. ‘ಬಂದ ನೀರು ಬಿಡುವುದಕ್ಕೆ ಇಷ್ಟು ಖರ್ಚೇ?’ ಎಂದರು. ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುವ ನಮ್ಮ ಸೀಮೆಯಲ್ಲಿ ಆ ಪ್ರಶ್ನೆ ಸಹಜವೇ. ಆದರೆ ತುಂಬಿ ನಿಂತ ಕಟ್ಟೆಯಲ್ಲಿ ಮುಂದಿನ ಪ್ರವಾಹಕ್ಕೆ ಜಾಗವೆಲ್ಲಿ? ನಮ್ಮ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸೈಫನ್‌ಗಳು ಮಟ್ಟ ಮೀರಿದ ಶಿಂಷೆಯ ನೀರನ್ನು ಯಾರೂ ಮುಟ್ಟದೆಯೇ ಹೊರಹಾಕುತ್ತವೆ. ನಮ್ಮದು ಅಷ್ಟು ಜಾಣ ಏರ್ಪಾಟಲ್ಲ, ಆದರೂ ನಡುರಾತ್ರಿಯ ಮಳೆಯಲ್ಲಿ ಗೇಟು ಎತ್ತಲು ಯಾರೂ ಹೋಗಬೇಕಾಗಿಲ್ಲ.

ನಾವು ಎಡವಿದ್ದೂ ಆ ಕೊಳವೆಯ ಪಕ್ಕದಲ್ಲಿಯೇ. ರೋಲರ್ ಅದರ ಹತ್ತಿರಕ್ಕೆ ಹೋಗದ್ದರಿಂದ ಮಣ್ಣು ಸಡಿಲವಾಗಿ ಉಳಿದು, ಮೊದಲ ಮಳೆಗೆ ಏರಿಯ ಹಿಂಬದಿಯಲ್ಲಿ ನೀರು ಜಿನುಗಿತು. ಜಿನುಗು ತಿಳಿಯಾಗಿದ್ದರೆ ಅಷ್ಟು ಗಾಬರಿಯಿಲ್ಲ. ನಮ್ಮದು ಕೆಂಪಗಿತ್ತು, ಅಂದರೆ ಏರಿ ಒಳಗಿನಿಂದಲೇ ಕರಗುತ್ತಿತ್ತು. ಆ ಭಾಗವನ್ನು ಮತ್ತೆ ಅಗೆದು, ಕೊಳವೆಗೆ ಎರಡು ಕಡೆ ಕಾಂಕ್ರೀಟಿನ ಪಟ್ಟಿ ಕಟ್ಟಿ, ಜೇಡಿಯನ್ನು ತೆಳು ಪದರಗಳಲ್ಲಿ ದಿಮ್ಮಸಿನಿಂದ ಬಡಿದೆವು.

ಏರಿಯ ಮೇಲೆ ಗರಿಕೆ ಮಾತ್ರ ಬೆಳೆಸಿದ್ದೇವೆ. ಹೊಂಗೆ ನೆಡೋಣವೆಂದವರಿಗೆ, ಸತ್ತ ಬೇರು ನೀರಿಗೆ ದಾರಿಯಾಗುತ್ತದೆಂದು ತಿಳಿಸಿದ್ದಾಯಿತು. ಹೋದ ವರ್ಷ ಕೊಳವೆಯ ಬಾಯಲ್ಲಿ ಯಾರೋ ತುರುಕಿದ್ದ ಗೋಣಿಚೀಲ ಸಿಕ್ಕಿತು. ಈಗ ಅಲ್ಲಿಗೆ ಕಬ್ಬಿಣದ ಜಾಲರಿ ಹಾಕಿದ್ದೇವೆ. ಮೋಡ ಕವಿದ ಸಂಜೆ ಅದರ ಕಸ ತೆಗೆಯಲು ಮನೆಗೊಂದು ಪಾಳಿಯಿದೆ.