ಬೆಟ್ಟ ಹತ್ತುವ ಕಾರು ಸಮತಟ್ಟು ರಸ್ತೆಯಲ್ಲಿ ಯಾಕೆ ಮಿಸ್ ಹೊಡೆಯುತ್ತೆ?

ನಮ್ಮ ಅಂಬಾಸಿಡರ್ ಮಾರ್ಕ್ 4 ಕಾರಿಗೆ ವಿಚಿತ್ರ ಕಾಯಿಲೆ ಅಂಟಿಕೊಂಡಿತ್ತು. ಚಾಮುಂಡಿ ಬೆಟ್ಟವನ್ನು ಸಲೀಸಾಗಿ ಹತ್ತುತ್ತಿತ್ತು. ಆದರೆ ನಂಜನಗೂಡು ರಸ್ತೆಯಲ್ಲಿ, 50-60 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗುವಾಗ, ಇಂಜಿನ್ ಮಿಸ್ ಹೊಡೆದು ಗಾಡಿ ಜಗ್ಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಮತ್ತೆ ಸರಿ. ನಿಂತಲ್ಲಿ ಐಡಲಿಂಗ್ ಕೂಡ ಚೆನ್ನಾಗಿಯೇ ಇತ್ತು.

ಗ್ಯಾರೇಜಿನವರು ಮೊದಲು ಪೆಟ್ರೋಲ್ ಕಡೆ ಕೈ ತೋರಿಸಿದರು. ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿ ತೊಳೆದದ್ದಾಯಿತು. ಆಮೇಲೆ, ಸ್ಪಾರ್ಕ್‌ಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಕಡೆ ತಿರುಗಿ, "ಕಾಯಿಲ್ ಹೋಗಿದೆ ಸಾರ್, ಹೊಸದು ಹಾಕಿಬಿಡಿ" ಅಂದರು. ಹಾಕಿಸಿದೆ. ಜಗ್ಗುವುದು ಮಾತ್ರ ನಿಲ್ಲಲಿಲ್ಲ.

ಮನೆಗೆ ತಂದು ಯೋಚಿಸಿದೆ. ಪೆಟ್ರೋಲ್ ಸಾಲದಿದ್ದರೆ ಅದು ಏರಿನಲ್ಲೇ ಗೊತ್ತಾಗಬೇಕು ಅಲ್ವಾ? ಇಂಜಿನ್ ಜಾಸ್ತಿ ಪೆಟ್ರೋಲ್ ಕೇಳುವುದು ಅಲ್ಲೇ. ಕಾಯಿಲ್ ಸೋತಿದ್ದರೂ ಹಾಗೇ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಸ್ಪಾರ್ಕ್ ಹಾರಿಸುವುದು ಕಷ್ಟ. ನನ್ನ ಗಾಡಿ ಇದಕ್ಕೆ ಸರಿಯಾಗಿ ಉಲ್ಟಾ. ಹಾಗಾದರೆ ಅರ್ಧ ಆಕ್ಸಿಲರೇಟರ್‌ನಲ್ಲಿ ಮಾತ್ರ ಕೆಲಸ ಮಾಡುವ ಭಾಗ ಯಾವುದು?

ವ್ಯಾಕ್ಯೂಮ್ ಅಡ್ವಾನ್ಸ್. ಸಿಲಿಂಡರ್‌ಗಳಿಗೆ ಸರದಿಯಂತೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಒಂದು ಚಪ್ಪಟೆ ಡಬ್ಬಿ ಇರುತ್ತದೆ. ಅದಕ್ಕೆ ಕಾರ್ಬೊರೇಟರ್‌ನಿಂದ ಸಣ್ಣ ಪೈಪ್ ಬರುತ್ತದೆ. ನಿಧಾನಕ್ಕೆ ಒಂದೇ ವೇಗದಲ್ಲಿ ಹೋಗುವಾಗ ಪೈಪಿನಲ್ಲಿ ಎಳೆತ ಹುಟ್ಟಿ, ಡಬ್ಬಿಯೊಳಗಿನ ಪೊರೆ, ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಸ್ಪಾರ್ಕ್ ಹುಟ್ಟಿಸುವ ಸ್ವಿಚ್) ಕೂತಿರುವ ಪ್ಲೇಟನ್ನು ಸ್ವಲ್ಪ ತಿರುಗಿಸುತ್ತದೆ. ಸ್ಪಾರ್ಕ್ ಒಂದಿಷ್ಟು ಬೇಗ ಬೀಳುತ್ತದೆ, ಪೆಟ್ರೋಲ್ ಉಳಿಯುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಳೆತ ಬಿದ್ದುಹೋಗುತ್ತದೆ, ಪ್ಲೇಟ್ ವಾಪಸ್ ಬರುತ್ತದೆ. ಐಡಲಿಂಗ್‌ನಲ್ಲೂ ನಮ್ಮ ಕಾರಿನಲ್ಲಿ ಪೈಪಿಗೆ ಎಳೆತ ಇರುವುದಿಲ್ಲ. ಅಂದರೆ ಪ್ಲೇಟ್ ತಿರುಗಿದಾಗಲೇ ಏನೋ ಕೈಕೊಡುತ್ತಿದೆ.

ಇದನ್ನು ಪರೀಕ್ಷಿಸಲು ಕಾಸು ಬೇಕಿಲ್ಲ. ಪೈಪನ್ನು ಡಬ್ಬಿಯಿಂದ ಕಿತ್ತು, ಗಾಳಿ ಒಳಗೆ ಹೋಗದಂತೆ ಪೈಪಿನ ಬಾಯಿಗೆ ಬಿರಡೆ ಹಾಕಿ ಓಡಿಸಿದೆ. ಜಗ್ಗುವುದು ನಿಂತೇ ಹೋಯಿತು!

ಆದರೂ ಬ್ಯಾಟರಿಯಿಂದ ಶುರುಮಾಡಿ ಕರೆಂಟ್ ಹರಿಯುವ ದಾರಿಯನ್ನೆಲ್ಲ ಒಮ್ಮೆ ಅಳೆದೆ. ಕಾಯಿಲ್‌ಗೆ 12 ವೋಲ್ಟ್ ಪೂರ್ತಿ ತಲುಪುತ್ತಿದೆಯಾ ನೋಡುವಾಗ ಪಾಯಿಂಟ್ ಮುಚ್ಚಿರಬೇಕು. ತೆರೆದಿದ್ದರೆ ಕರೆಂಟ್ ಹರಿಯುವುದೇ ಇಲ್ಲ, ತುಕ್ಕು ಹಿಡಿದ ವೈರ್ ಕೂಡ 12 ತೋರಿಸಿ ಮೋಸ ಮಾಡುತ್ತದೆ. ಬ್ಯಾಟರಿಗೂ ಕಾಯಿಲ್‌ಗೂ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನನ್ನದರಲ್ಲಿ ಒಂದು ವೋಲ್ಟ್ ದಾಟಿತ್ತು. ಫ್ಯೂಸ್ ಬಾಕ್ಸ್‌ನಲ್ಲಿ ಇಗ್ನಿಷನ್‌ನ ಬಿಳಿ ವೈರ್ ಕೂರುವ ಜಾಗ ಹಸಿರು ಕಟ್ಟಿತ್ತು. ಉಜ್ಜಿ ಬಿಗಿ ಮಾಡಿದೆ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಟರ್ಮಿನಲ್‌ನಲ್ಲಿ, ಪಾಯಿಂಟ್ ಮುಚ್ಚಿದಾಗ, ಮೀಟರ್ ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕು. ತೋರಿಸಿತು. ಗ್ಯಾರೇಜಿನ ಟೆಸ್ಟ್ ಲ್ಯಾಂಪಿಗೆ ಈ ದೋಷ ಸಿಗದಿರಲು ಇದೇ ಕಾರಣ. ಗಾಡಿ ನಿಂತಾಗ ಪ್ಲೇಟ್ ತಿರುಗಿರುವುದಿಲ್ಲ, ಪಾಯಿಂಟಿನ ದಾರಿ ಸರಿಯಾಗಿಯೇ ಕಾಣುತ್ತದೆ.

ಈಗ ಡಿಸ್ಟ್ರಿಬ್ಯೂಟರ್‌ನ ಮುಚ್ಚಳವಾದ ಕ್ಯಾಪ್ ಮತ್ತು ಅದರ ಕೆಳಗೆ ತಿರುಗುವ ರೋಟರ್ ತೆಗೆದು, ಇಗ್ನಿಷನ್ ಆಫ್ ಮಾಡಿ, ಕಾಯಿಲ್ ಕಡೆಯ ವೈರ್ ಬಿಚ್ಚಿದೆ. ಮೀಟರನ್ನು ಓಮ್‌ಗೆ ಇಟ್ಟು ಒಂದು ತುದಿ ಡಿಸ್ಟ್ರಿಬ್ಯೂಟರ್ ಟರ್ಮಿನಲ್‌ಗೆ, ಇನ್ನೊಂದು ಪಾಯಿಂಟಿನ ಸ್ಪ್ರಿಂಗಿಗೆ ಹಿಡಿದೆ. ಡಬ್ಬಿಗೆ ಸಣ್ಣ ರಬ್ಬರ್ ಟ್ಯೂಬ್ ಸಿಕ್ಕಿಸಿ ಬಾಯಲ್ಲಿ ಎಳೆದೆ. ಪ್ಲೇಟ್ ತಿರುಗಿತು, ಮೀಟರ್ ಕುಣಿಯಿತು. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ ಹೋಗುವ ಗೇಣಿಗೂ ಕಡಿಮೆ ಉದ್ದದ ವೈರ್ ಒಳಗೊಳಗೇ ತುಂಡಾಗಿತ್ತು. ಮೇಲಿನ ಹೊದಿಕೆ ಹಾಗೇ ಇದ್ದದ್ದರಿಂದ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಬೆರಳಲ್ಲಿ ಮೆಲ್ಲಗೆ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತಿತ್ತು. ಹಳೆಯ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಇದು ಮಾಮೂಲಿ ರೋಗ, ಯಾಕೆಂದರೆ ಪ್ಲೇಟ್ ಅಲುಗಿದಾಗಲೆಲ್ಲ ಈ ವೈರ್ ಬಾಗುತ್ತಲೇ ಇರುತ್ತದೆ.

ಇಲ್ಲಿ ಮನೆ ವೈರಿಂಗಿನ ತಂತಿ ಹಾಕಬೇಡಿ. ಅದು ಬೇಗ ಮುರಿಯುತ್ತದೆ. ತೀರಾ ಸಣ್ಣ ಎಳೆಗಳಿರುವ ಮೆತ್ತನೆಯ ವೈರ್ ಬೇಕು. ಮಲ್ಟಿಮೀಟರ್ ಪ್ರೋಬ್‌ಗೆ ಬರುವ ಸಿಲಿಕೋನ್ ಹೊದಿಕೆಯ ವೈರ್ ಚೆನ್ನಾಗಿ ಹೊಂದುತ್ತದೆ, ನಾನು ಹಾಕಿದ್ದು ಅದನ್ನೇ. ಉದ್ದ ಹಳೆಯದರಷ್ಟೇ ಇರಲಿ. ಗಿಡ್ಡವಾದರೆ ವೈರ್ ಬಿಗಿದುಕೊಳ್ಳುತ್ತದೆ, ಉದ್ದವಾದರೆ ಪಾಯಿಂಟ್ ತೆರೆಸಲು ನಡುವೆ ತಿರುಗುವ ಕ್ಯಾಮ್‌ಗೆ ಸಿಕ್ಕಿಕೊಳ್ಳುತ್ತದೆ. ಪಾಯಿಂಟ್ ಕಂಬದಲ್ಲಿ ಸ್ಪ್ರಿಂಗ್, ಈ ವೈರ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ವೈರ್ ಮೂರೂ ಒಂದಕ್ಕೊಂದು ತಾಗಬೇಕು. ಆದರೆ ಮೂರರಲ್ಲಿ ಒಂದೂ ಕಂಬಕ್ಕೆ ತಾಗಬಾರದು. ಪ್ಲಾಸ್ಟಿಕ್ ಬುಶ್ ಇರುವುದೇ ಅದಕ್ಕೆ. ಅದು ಹಿಂದುಮುಂದಾದರೆ ಸ್ಪಾರ್ಕ್ ಪೂರ್ತಿ ಸತ್ತುಹೋಗುತ್ತದೆ, ಮತ್ತೆ ಹೊಸ ಹುಡುಕಾಟ ಶುರು. ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಇನ್ನೊಂದು ಸಣ್ಣ ಅರ್ತ್ ವೈರ್ ಇದ್ದರೆ ಅದನ್ನೂ ಆಗಲೇ ಬದಲಾಯಿಸಿ.

ಕೊನೆಗೆ ಪಾಯಿಂಟ್ ಪೂರ್ತಿ ತೆರೆದಾಗಿನ ಗ್ಯಾಪ್ 0.4 ಮಿ.ಮೀ.ಗೆ ಇಟ್ಟೆ. ಗ್ಯಾಪ್ ಬದಲಾದರೆ ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು ಕೂಡ ಸರಿಯುತ್ತದೆ, ಹಾಗಾಗಿ ಅದನ್ನೂ ನೋಡಿಕೊಳ್ಳಬೇಕು. ಹಳೆಯ ಕಂಡೆನ್ಸರ್ ಮುಟ್ಟಲಿಲ್ಲ. ಪಾಯಿಂಟ್ ಸುಟ್ಟು ಕಪ್ಪಾಗಿಲ್ಲ ಅಂದರೆ ಸಾಮಾನ್ಯವಾಗಿ ಅದು ಚೆನ್ನಾಗಿದೆ ಅಂತ ಅರ್ಥ, ಸುಮ್ನೆ ಹೊಸದು ಹಾಕಿ ಪರೀಕ್ಷೆ ಯಾಕೆ?

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಬಿಡಿ ಅಂತ ಗೆಳೆಯರು ಹೇಳುತ್ತಾರೆ. ತಪ್ಪೇನಿಲ್ಲ, ಗ್ಯಾಪ್ ನೋಡುವ ಗೋಜು ತಪ್ಪುತ್ತದೆ. ಆದರೆ ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಕಿಟ್ ಕೂಡ ಅದೇ ಅಲುಗಾಡುವ ಪ್ಲೇಟಿನ ಮೇಲೇ ಕೂರುತ್ತದೆ. ಅದರ ವೈರ್‌ಗಳೂ ಬಾಗುತ್ತಲೇ ಇರುತ್ತವೆ. ಹಾಕಿಸುವವರು ಆ ವೈರ್‌ಗಳನ್ನು ಬಿಗಿಯಾಗಿ ಕಟ್ಟದೆ ಸ್ವಲ್ಪ ಸಡಿಲ ಬಿಟ್ಟಿದ್ದಾರಾ ಅಂತ ಕ್ಯಾಪ್ ಮುಚ್ಚುವ ಮೊದಲೇ ನೋಡಿಕೊಳ್ಳಿ.