ಮಗನಿಗೆ ಮರಾಠಿ ಕಲಿಸಿದ್ದು: ಅರ್ಧ ಕಥೆಯ ಉಪಾಯ

ನನ್ನ ಐದು ವರ್ಷದ ಮಗ ಈಗ ಪುಣೆಯ ಅಜ್ಜಿ ಜೊತೆ ಮರಾಠಿಯಲ್ಲಿ ಜಗಳ ಆಡುತ್ತಾನೆ. ಮಾತಾಡುತ್ತಾನೆ ಅಂತ ಬರೆಯಬಹುದಿತ್ತು. ಆದರೆ ಜಗಳಕ್ಕೆ ಭಾಷೆ ಜಾಸ್ತಿ ಬೇಕು, ಅಲ್ವಾ?

ಧಾರವಾಡದ ನಮ್ಮ ಓಣಿಯಲ್ಲಿ ಇದನ್ನು ನಂಬಿದವರು ಯಾರೂ ಇರಲಿಲ್ಲ. "ಯಾಕ್ರೀ ಕೂಸಿಗೆ ಸುಮ್ನ ತ್ರಾಸ ಕೊಡ್ತೀರಿ? ಮೊದಲ ಒಂದು ಭಾಷಾ ನೆಟ್ಟಗ ಬರಲಿ" ಅಂತ ಪಕ್ಕದ ಮನೆ ಕಾಕಾ. ಹುಡುಗನ ಕನ್ನಡ ಕೆಡುತ್ತದೆ ಅಂತ ಅವರ ಚಿಂತೆ. ಕವಿ ಬೇಂದ್ರೆ ಇದ್ದ ಸಾಧನಕೇರಿ ನಮ್ಮನೆಯಿಂದ ದೂರ ಏನಿಲ್ಲ. "ಬೇಂದ್ರೆ ಅಜ್ಜಾರ ಮನೆಮಾತು ಯಾವುದಿತ್ತು ಕಾಕಾ?" ಅಂದೆ. ಮರಾಠಿ ಅಂತ ಅವರಿಗೂ ಗೊತ್ತು. ಸುಮ್ಮನಾದರು. "ಅವರು ಬೇಂದ್ರೆ ಇದ್ರಪಾ" ಅಂತ ಒಳಗೆ ಹೋಗುವಾಗ ಅಂದಿದ್ದೂ ಕೇಳಿಸಿತು.

ಹೆಂಡತಿ ಪುಣೆಯವಳು. ತಾಯಿ ಒಂದು ಭಾಷೆ, ತಂದೆ ಒಂದು ಭಾಷೆ ಅನ್ನುವ ಪದ್ಧತಿ ನಿಮಗೆಲ್ಲ ಗೊತ್ತಿರುವುದೇ. ನಾವೂ ಅದರಿಂದಲೇ ಶುರು ಮಾಡಿದೆವು. ಪುಸ್ತಕದಲ್ಲಿ ಓದೋಕೆ ಚೆನ್ನಾಗಿರುತ್ತದೆ. ನಮ್ಮ ಅವ್ವ ಮನೆಯಲ್ಲೇ ಇದ್ದಾಳೆ, ಅವಳ ಜೊತೆ ಹೆಂಡತಿ ಕನ್ನಡದಲ್ಲೇ ಮಾತಾಡಬೇಕು. ಹುಡುಗ ಅದನ್ನು ನೋಡುತ್ತಾನೆ. ಇವಳಿಗೆ ಕನ್ನಡ ಬರುತ್ತದಲ್ಲ, ಮತ್ತೆ ನನಗೇಕೆ ತ್ರಾಸು ಅನ್ನುವ ಲೆಕ್ಕ ಅವನದು. ಅವಳು ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಉತ್ತರ. ತಿಳಿಯೋದು ಎಲ್ಲಾ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

ಆಮೇಲೆ ದುಡ್ಡು ಸುರಿಯುವ ಕಾಲ. ಆನ್‌ಲೈನ್ ಕ್ಲಾಸಿಗೆ ಮೂರು ತಿಂಗಳಿಗೆ ಆರು ಸಾವಿರದ ಹತ್ತಿರ ಹೋಯಿತು. ಇಪ್ಪತ್ತರವರೆಗೆ ಎಣಿಕೆ ಬಂತು, ಬಣ್ಣಗಳ ಹೆಸರು ಬಂತು. ಬಾಯಾರಿದರೆ ನೀರು ಕೇಳಲು ಬರಲಿಲ್ಲ. ಚಿತ್ರದ ಪುಸ್ತಕ, ಕಾರ್ಡು ಅಂತ ಇನ್ನೊಂದು ಎರಡು ಸಾವಿರ. ಕಾರ್ಡುಗಳನ್ನು ಅವನು ಬಸ್ ಟಿಕೆಟ್ ಮಾಡಿಕೊಂಡು ಅವ್ವನಿಗೆ ಹರಿದು ಕೊಟ್ಟ. ಬೇಸಿಗೆಯಲ್ಲಿ ತಿಂಗಳು ಪುಣೆಯಲ್ಲಿ ಬಿಟ್ಟೆವು. ಹೋಗಿ ಬರೋದು, ಆಟಿಕೆ, ಅದು ಇದು ಸೇರಿ ಹತ್ತು ಹನ್ನೆರಡು ಸಾವಿರ. ಪಟಪಟ ಮಾತಾಡುತ್ತಾ ಬಂದ. ಶಾಲೆ ಶುರುವಾಗಿ ಮಳೆ ಹಿಡಿಯುವಷ್ಟರಲ್ಲಿ ಮತ್ತೆ ಮೊದಲಿನ ಹಾಗೆ.

ನಡುವೆ ನಾನೊಂದು ರೈಲಾಟ ಹುಡುಕಿದ್ದೆ. ಕುರ್ಚಿ ಸಾಲಾಗಿ ಇಟ್ಟು ಧಾರವಾಡ, ಅಳ್ನಾವರ, ಲೋಂಡಾ, ಬೆಳಗಾವಿ, ಘಟಪ್ರಭಾ ಅಂತ ಹೊರಡೋದು. ಮಿರಜ್ ದಾಟಿದ ಮೇಲೆ ಬರೀ ಮರಾಠಿ. ಎರಡು ದಿನ ಖುಷಿಯಿಂದ ಆಡಿದ. ಆಮೇಲೆ ಸಾಹೇಬರು ರೈಲನ್ನು ಮಿರಜ್‌ಗಿಂತ ಮುಂಚಿನ ಕುಡಚಿಯಲ್ಲೇ ನಿಲ್ಲಿಸತೊಡಗಿದರು. "ಸಿಗ್ನಲ್ ಇಲ್ಲ!"

ಕೆಲಸ ಮಾಡಿದ್ದು ನನ್ನ ಅತ್ತೆಯ, ಅಂದರೆ ಅವನ ಪುಣೆಯ ಅಜ್ಜಿಯ ವಿಡಿಯೋ ಕಾಲ್. ವಿಡಿಯೋ ಕಾಲ್ ಮೊದಲೂ ಇತ್ತು, ಆದರೆ ಹೆಂಡತಿ ಪಕ್ಕದಲ್ಲೇ ಕೂತು ದುಭಾಷಿ ಕೆಲಸ ಮಾಡುತ್ತಿದ್ದಳು. ಅವಳನ್ನು ಎಬ್ಬಿಸಿ ಟೆರೇಸಿಗೆ ಕಳಿಸಿದೆವು. ಅರ್ಧ ಗೆಲುವು ಅಲ್ಲೇ. ಅತ್ತೆಗೆ ಕನ್ನಡ ಒಂದಕ್ಷರ ಬರುವುದಿಲ್ಲ, ನಾಟಕ ಮಾಡಬೇಕಾಗಿಲ್ಲ. ಇನ್ನರ್ಧ ಗೆಲುವು ಕಥೆಯದು. ಕುಂಬಳಕಾಯಿಯೊಳಗೆ ಕೂತು ಕಾಡು ದಾಟುವ ಮುದುಕಿಯ ಕಥೆ ಗೊತ್ತಲ್ಲ? ಅತ್ತೆ ಅದನ್ನೇ ಶುರು ಮಾಡಿದರು. ಹುಲಿ ದಾರಿಗೆ ಅಡ್ಡ ಬಂತು. ಅಲ್ಲಿಗೆ ಬಾಯಿ ಮುಚ್ಚಿ ಅವರೆಕಾಯಿ ಸುಲಿಯುತ್ತಾ ಕೂತರು. ಇವನು ಕನ್ನಡದಲ್ಲಿ "ಮುಂದ?" ಅಂದ. ಅತ್ತೆ ತಲೆ ಎತ್ತಲಿಲ್ಲ. ಫೋನಿಗೆ ಮೂಗು ತಾಗಿಸಿ ಇನ್ನೊಮ್ಮೆ ಕೇಳಿದ. ಇಲ್ಲ. ಕೊನೆಗೆ "ಪುಢೇ?" ಅಂತ ಬಂತು. ಹುಲಿ ಒಂದು ಹೆಜ್ಜೆ ಮುಂದೆ ಬಂತು, ಮತ್ತೆ ನಿಂತಿತು. ಆ ವಾರದಲ್ಲೇ ಅದು "ಪುಢೇ ಕಾಯ್ ಝಾಲಂ?" (ಮುಂದೆ ಏನಾಯ್ತು?) ಆಯಿತು. ದಿನಾ ಊಟಕ್ಕೆ ಮುಂಚೆ ಕಾಲು ಗಂಟೆ, ಅಷ್ಟೇ. ಹೊಟ್ಟೆ ತುಂಬಿದ್ದರೆ ನಿದ್ದೆ, ಪೂರ್ತಿ ಹಸಿದರೆ ಅಳು. ಆ ಹೊತ್ತು ಹಿಡಿಯೋದು ನಿಮ್ಮ ಕೈಚಳಕ. ಅವನು ಸಿಟ್ಟಿನಿಂದ ಫೋನ್ ಕಟ್ ಮಾಡದ ಹಾಗೆ ಅತ್ತೆ ಒಂದು ಉಪಾಯ ಮಾಡುತ್ತಾರೆ. ಅದನ್ನು ಇಲ್ಲಿ ಬರೆಯೋದಿಲ್ಲ. ಫೇಡೆ ತಗೊಂಡು ಮನೆಗೆ ಬನ್ನಿ, ಹೇಳುತ್ತೇನೆ.

ಒಂದು ತೊಡಕು ಬಂತು, ಗಂಡುಮಕ್ಕಳಿದ್ದವರು ಗಮನಿಸಿ. ಕನ್ನಡದಲ್ಲಿ ಗಂಡಾಗಲಿ ಹೆಣ್ಣಾಗಲಿ "ನಾ ಹೋಗ್ತೀನಿ". ಮರಾಠಿಯಲ್ಲಿ ಗಂಡಸು "ಮೀ ಜಾತೋ", ಹೆಂಗಸು "ಮೀ ಜಾತೇ". ಇವನ ಕಿವಿಗೆ ಬಿದ್ದಿದ್ದೆಲ್ಲ ಅಮ್ಮ ಮತ್ತು ಅಜ್ಜಿಯ ಮಾತು. ಹಾಗಾಗಿ "ಮೀ ಜಾತೇ, ಮೀ ಖಾತೇ" ಅಂತ ಓಡಾಡುತ್ತಿದ್ದ. ತಿದ್ದಿದರೆ ಮಾತೇ ನಿಲ್ಲಿಸುತ್ತಾನೆ. ಪುಣೆಯಲ್ಲಿ ಅವನಿಗಿಂತ ಎರಡು ವರ್ಷ ದೊಡ್ಡವನಾದ ಸೋದರಮಾವನ ಮಗ ಇದ್ದಾನೆ. ಅವನ ಕಡೆಯಿಂದ ವಾಯ್ಸ್ ಮೆಸೇಜ್ ತರಿಸಿದೆವು. ಕ್ರಿಕೆಟ್ಟು, ಸೈಕಲ್ಲು, ಬರೀ ಬಡಾಯಿ. ಒಂದೆರಡು ತಿಂಗಳಲ್ಲಿ "ಜಾತೋ" ತಾನಾಗಿ ಬಂತು.

ಇದೇ ರೀತಿ ಇಂಗ್ಲಿಷ್ ಕಲಿಸೋಕೆ ಹುಬ್ಬಳ್ಳಿಯ ನನ್ನ ತಂಗಿ ನೋಡಿದಳು. ಆಗಲಿಲ್ಲ. ಫೋನಿನ ಆ ಕಡೆ ಇದ್ದವಳು ಬೆಂಗಳೂರಿನ ಚಿಕ್ಕಮ್ಮ, ಅವಳಿಗೆ ಕನ್ನಡ ಬರುತ್ತದೆ ಅಂತ ಕೂಸಿಗೆ ಮೊದಲೇ ಗೊತ್ತು. ಆ ಕಡೆಯವರಿಗೆ ನಿಜವಾಗಿಯೂ ನಮ್ಮ ಭಾಷೆ ಬರಬಾರದು. ಇದರಲ್ಲಿ ರಾಜಿ ಇಲ್ಲ.

ಅಕ್ಷರಕ್ಕೆ ಸದ್ಯ ಕೈ ಹಚ್ಚಿಲ್ಲ, ಶಾಲೆಯಲ್ಲಿ ಕನ್ನಡದ ಒತ್ತಕ್ಷರ ಮುಗಿಯಲಿ. ಉಚ್ಚಾರದಲ್ಲಿ ಮಾತ್ರ ಅವನೇ ನನ್ನ ಮೇಷ್ಟ್ರು. ಳಕಾರ ನಮ್ಮಲ್ಲೂ ಇದೆ, ಅದು ಪುಕ್ಕಟೆ ಬಂತು. ಒಳ್ಳೆಯದು ಅನ್ನೋಕೆ ನಾನು "ಚಾಂಗಲಾ" ಅಂದರೆ ಮುಖ ಸಿಂಡರಿಸಿ "ತ್ಸಾಂಗಲಾ" ಅಂತ ತಿದ್ದುತ್ತಾನೆ.

ಈಗಿನ ಖರ್ಚು ಫೋನ್ ರೀಚಾರ್ಜ್ ಒಂದೇ. ತಲೆನೋವು ಅಂದರೆ ಅತ್ತೆಯ ಕಥೆಗಳ ಸ್ಟಾಕ್ ಮುಗಿದಿದೆ. ನಾನು ಕನ್ನಡದಲ್ಲಿ ಕಥೆ ಕಟ್ಟುತ್ತೇನೆ, ಹೆಂಡತಿ ಮರಾಠಿ ಮಾಡಿ ವಾಟ್ಸಪ್ಪಿನಲ್ಲಿ ಕಳಿಸುತ್ತಾಳೆ. ಈ ವಾರದ್ದು ಅಳ್ನಾವರದ ಕಡೆ ಕಾಡಿನಲ್ಲಿ ತಪ್ಪಿಸಿಕೊಂಡ ಎಮ್ಮೆಯ ಕಥೆ. ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಅತ್ತೆಗೇ ಬಿಟ್ಟಿದ್ದೇವೆ.