ಹೊಲಿಸಿದ ಕೌದಿ ಮನಸ್ಸಿಗೆ ಬರದಿದ್ದರೆ

ಹಳೇ ಸೀರೆ, ಧೋತರ ಕೊಟ್ಟು ಹೊಲಿಸಿದ ಕೌದಿ (ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ಹೊದಿಕೆ) ಕೈಗೆ ಬಂದಾಗ ನಡುವೆ ಉಬ್ಬಿದ್ದರೆ, ಸಾಲು ಡೊಂಕಾಗಿದ್ದರೆ, ಮೂಲೆಯಲ್ಲಿ ದಾರ ಎದ್ದಿದ್ದರೆ ತಕ್ಷಣ ಒಗೆಯಲು ಹೋಗಬೇಡಿ, ಹೊದೆಯಲೂ ಬೇಡಿ. ಒಮ್ಮೆ ನೀರಿಗೆ ಬಿದ್ದ ಮೇಲೆ ಸುಕ್ಕು ಹೊಲಿಗೆಯದೋ ಒಗೆತದ್ದೋ ಎಂದು ಹೊಲಿದವರಿಗೂ ಹೇಳಲಾಗದು. ಬಳಸಿದ ಮಾಲಿನ ತಕರಾರನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೂಲಿಯ ಕೊನೆಯ ಕಂತು ಇನ್ನೂ ನಿಮ್ಮ ಕೈಯಲ್ಲಿದ್ದರೆ ಪರೀಕ್ಷೆ ಮುಗಿಯುವ ತನಕ ಅಲ್ಲೇ ಇರಲಿ.

ಕೌದಿಯನ್ನು ನೆಲದ ಮೇಲೆ, ಹಗಲು ಬೆಳಕಿನಲ್ಲಿ ಹಾಸಿ. ಮಂಚದ ಮೇಲೆ ಬೇಡ, ಮೆತ್ತನೆಯ ಗಾದಿಯಲ್ಲಿ ಉಬ್ಬು ಅಡಗಿಬಿಡುತ್ತದೆ. ಅಂಗೈ ಊರಿ ಅಂಚಿನಿಂದ ನಡುವಿನ ಕಡೆಗೆ ಸವರಿ. ಬಟ್ಟೆ ಕೈಯ ಮುಂದೆ ಅಲೆಯಾಗಿ ಓಡಿ ಒಂದೆಡೆ ಗುಡ್ಡೆಯಾದರೆ ಒಳಪದರಗಳು ಒಂದಕ್ಕೊಂದು ಸರಿಯಾಗಿ ಕೂತಿಲ್ಲ. ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಎರಡೂ ಕಡೆ ಅಳೆಯಿರಿ. 60×90 ಇಂಚಿನ ಕೌದಿಯಲ್ಲಿ ಈ ಅಳತೆ ಸುಮಾರು 108 ಇಂಚು ಬರಬೇಕು. ಎರಡು ಅಳತೆಗಳ ನಡುವೆ ಇಂಚು, ಎರಡಿಂಚು ವ್ಯತ್ಯಾಸವಿದ್ದರೆ ಕೈಕೆಲಸಕ್ಕೆ ಅದು ಸಹಜ. ನಾಲ್ಕು ಇಂಚು ದಾಟಿದರೆ ಕೌದಿ ಸೊಟ್ಟಗಿದೆ ಎಂದೇ ಲೆಕ್ಕ.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಎರಡು ಸಾಲಿನ ನಡುವಿನ ಜಾಗವನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು, ಮೇಲಿನ ಬಟ್ಟೆಯನ್ನು ಒಂದು ಕಡೆಗೆ, ಅಡಿಯದನ್ನು ಇನ್ನೊಂದು ಕಡೆಗೆ ಮೆಲ್ಲಗೆ ಎಳೆಯಿರಿ. ಬಟ್ಟೆಗಳು ಜಾರಿದರೆ ಸೂಜಿ ಎಲ್ಲ ಪದರ ದಾಟಿಲ್ಲ, ಅಥವಾ ಸಾಲುಗಳು ತೀರ ದೂರವಿವೆ. ಕೌದಿಯ ಬಾಳಿಕೆ ನಿಂತಿರುವುದು ಇದರ ಮೇಲೆ, ಬಣ್ಣದ ಹೊಂದಿಕೆಯ ಮೇಲಲ್ಲ. ಸಾಲುಗಳ ನಡುವೆ ಒಂದು ಬೆರಳಿನಿಂದ ಎರಡು ಬೆರಳು ಅಂತರವಿದ್ದರೆ ಒಳಗಿನ ಬಟ್ಟೆ ಮುದ್ದೆಯಾಗುವುದಿಲ್ಲ. ಒಂದೊಂದು ಹೊಲಿಗೆ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿರಲಿ. ಒಂದು ಸೆಂಟಿಮೀಟರ್ ಮೀರಿದ ಹೊಲಿಗೆಗೆ ಕಾಲುಂಗುರ ಸಿಕ್ಕಿಕೊಳ್ಳುತ್ತದೆ, ದಾರ ಕಿತ್ತು ಬರುತ್ತದೆ. ಕೊನೆಗೆ ಹಗ್ಗದ ಮೇಲೆ ಬಿಸಿಲಿಗೆ ಅಡ್ಡವಾಗಿ ಹಾಕಿ ಹಿಂದಿನಿಂದ ನೋಡಿ. ಬೆಳಕು ಜಾಸ್ತಿ ತೂರಿ ಬರುವ ಕಡೆ ಒಳಗೆ ಬಟ್ಟೆ ಸಾಲದೆ ಬಂದಿದೆ.

ದೋಷ ಕಂಡ ಕಡೆಯೆಲ್ಲ ಸೇಫ್ಟಿ ಪಿನ್ ಚುಚ್ಚಿ, ಫೋಟೊ ತೆಗೆದಿಟ್ಟುಕೊಳ್ಳಿ. ಪೆನ್ನಿನಿಂದ ಗುರುತು ಮಾಡಬೇಡಿ.

ದೋಷವಲ್ಲದ್ದು

ಕೈಹೊಲಿಗೆ ಬಟ್ಟೆಯನ್ನು ಹಿಡಿದು ಎಳೆಯುತ್ತದೆ. 90 ಇಂಚು ಹೇಳಿದ್ದು 87 ಆಗಿ ಬಂದರೆ ಯಾರೂ ಮೋಸ ಮಾಡಿಲ್ಲ. ಪೂರ್ತಿ 90 ಬೇಕಿದ್ದವರು ಬಟ್ಟೆ ಕೊಡುವಾಗಲೇ ಮೂರ್ನಾಲ್ಕು ಇಂಚು ಹೆಚ್ಚಿಗೆ ಹೇಳಬೇಕು. ಸಾಲಿನ ಉದ್ದಕ್ಕೂ ಕಾಣುವ ಸಣ್ಣ ನೆರಿಗೆ ಕೌದಿಯ ಚಹರೆಯೇ ಹೌದು. ಅಂಗಡಿಯ ಮಷಿನ್ ರಜಾಯಿಯ ಹಾಗೆ ಬಿಗಿದು ಚಪ್ಪಟೆಯಾಗಿರಲಿ ಎನ್ನುವವರು ಮಷಿನ್ನಿನದನ್ನೇ ಕೊಳ್ಳುವುದು ಒಳ್ಳೆಯದು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೈಯಲ್ಲಿ ಕವಂದಿ (ಕೌದಿಗೆ ಅವರ ಹೆಸರು) ಹೊಲಿಸಿದವರು ಕೆಲವೊಮ್ಮೆ ಮೂಲೆಯಲ್ಲಿ ಎದ್ದು ನಿಂತ ಮಡಿಸಿದ ತುಂಡುಗಳನ್ನು ಕಂಡು 'ಇದನ್ನು ಕತ್ತರಿಸೋದು ಮರೆತಿದಾರೆ' ಎನ್ನುವುದುಂಟು. ಕತ್ತರಿ ಹಾಕಬೇಡಿ. ಅವು ಬೇಕೆಂದೇ ಇಟ್ಟ ಫೂಲ, ಹೂವುಗಳು. ಅವಿಲ್ಲದ ಕವಂದಿ ಅವರ ಕಣ್ಣಿಗೆ ಬೋಳು.

ತಪ್ಪು ಬಟ್ಟೆಯದೋ, ಕೈಯದೋ

ತಕರಾರಿಗೆ ಮೊದಲು ಇದು ತೀರ್ಮಾನವಾಗಬೇಕು. ಕೌದಿ ಕೆಟ್ಟಿತೆಂದು ದೂರುವವರಲ್ಲಿ ಬಹಳಷ್ಟು ಮಂದಿ ಕೆಡುವಂಥ ಬಟ್ಟೆಯನ್ನು ತಾವೇ ಕೊಟ್ಟಿರುತ್ತಾರೆ.

ಸೂಜಿ ಹೋದ ಸಾಲಿಗೆ ಸರಿಯಾಗಿ ರೇಷ್ಮೆ ಸೀಳಿದ್ದರೆ ಅದು ರೇಷ್ಮೆಯ ವಯಸ್ಸು. ಮಡಿಕೆಯಲ್ಲೇ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಸೀರೆ ಸೂಜಿಯ ತೂತನ್ನೇ ತಾಳುವುದಿಲ್ಲ. ಜರಿ ಅಂಚು ಒಳಗೆ ಸೇರಿದ್ದರೆ ಪಕ್ಕದ ತೆಳು ಬಟ್ಟೆಯನ್ನು ಉಜ್ಜಿ ಹರಿಯುತ್ತದೆ, ಅದನ್ನು ಬಿಚ್ಚಿ ಕೊಡಬೇಕಿದ್ದವರು ನೀವು. ಅಸ್ತರಕ್ಕೆ ಹೊಸ ಹತ್ತಿ ಬಟ್ಟೆಯನ್ನು ಒಗೆಯದೆ ಕೊಟ್ಟಿದ್ದರೆ ಮೊದಲ ಒಗೆತಕ್ಕೇ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ, ಅಂದರೆ 90 ಇಂಚಿಗೆ ಮೂರ್ನಾಲ್ಕು ಇಂಚು. ಆಗಲೇ ಹತ್ತಾರು ಸಲ ಒಗೆತ ಕಂಡ ಮೇಲ್ಪದರದ ಸೀರೆ ಕುಗ್ಗುವುದಿಲ್ಲ, ಹಾಗಾಗಿ ಅದು ಗುಳ್ಳೆ ಏಳುತ್ತದೆ. ಬಣ್ಣ ಬಿಡುವ ಕೆಂಪು, ಕಡುನೀಲಿ ಸೀರೆಗಳ ಕಥೆಯೂ ಇದೇ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತುವ ಸೀರೆ ಕೌದಿಗೆ ಹೋಗಬಾರದಿತ್ತು.

ಕೈಯ ತಪ್ಪುಗಳು ಬೇರೆಯೇ ಕಾಣುತ್ತವೆ. ಒಗೆಯುವ ಮೊದಲೇ ನಡುವೆ ಉಬ್ಬಿದೆ ಎಂದರೆ ಪದರಗಳನ್ನು ಎಳೆದು ಹಾಸಿ ಕಚ್ಚಾ ಹೊಲಿಗೆ (ಪದರ ಸರಿಯದಂತೆ ಹಿಡಿಯುವ ತಾತ್ಕಾಲಿಕ ಉದ್ದ ಹೊಲಿಗೆ) ಹಾಕದೆ ನೇರ ಹೊಲಿಯಲು ಕೂತಿದ್ದಾರೆ. ಸುತ್ತಂಚಿನಿಂದ ಒಳಕ್ಕೆ ಹೊಲಿದು ಬರುವಾಗ ಸಡಿಲ ಬಟ್ಟೆಯೆಲ್ಲ ಮುಂದೆ ಸರಿಯುತ್ತ ನಡುವಿಗೆ ಬಂದು ಸೇರುತ್ತದೆ. ಗಂಟುಗಳು ಮೇಲೆಯೇ ಕಾಣುತ್ತಿದ್ದರೆ ಬಿಚ್ಚಿಕೊಳ್ಳುವುದು ಖಂಡಿತ. ದಾರ ಮುಗಿದಲ್ಲಿ ಮೂರ್ನಾಲ್ಕು ಹೊಲಿಗೆ ಹಿಂದಕ್ಕೆ ಹಾಕಿ ತುದಿಯನ್ನು ಪದರದೊಳಗೆ ನುಗ್ಗಿಸಬೇಕಿತ್ತು. ತೆಳು ಮಷಿನ್ ದಾರವನ್ನು ಒಂದೆಳೆಯಲ್ಲಿ ಹೊಲಿದಿದ್ದರೆ ಅದೂ ಕೈಯ ತಪ್ಪೇ. ಪಾಲಿಯೆಸ್ಟರ್ ದಾರವಾದರೆ ತಾನು ಹರಿಯದೆ ಹಳೇ ಹತ್ತಿಯನ್ನು ಕೊಯ್ಯುತ್ತದೆ. ದಪ್ಪ ಹತ್ತಿ ನೂಲು, ಅಥವಾ ಎರಡೆಳೆ ಹತ್ತಿ ದಾರವೇ ಸರಿ.

ಮಾತಾಡುವುದು ಹೇಗೆ

'ಕೆಲಸ ಚೆನ್ನಾಗಿಲ್ಲ' ಎಂದರೆ ಜಗಳವಾಗುತ್ತದೆ. ಪಿನ್ ಹಾಕಿದ ಜಾಗ ತೋರಿಸಿ, ಏನು ಮಾಡಿಕೊಡಬೇಕೆಂದು ಹೇಳಿದರೆ ಕೆಲಸವಾಗುತ್ತದೆ. ಉತ್ತರ ಕರ್ನಾಟಕದ ಕಡೆಯಾದರೆ ಇಷ್ಟೇ ಸಾಕು:

'ಅಕ್ಕಾರ, ಇಲ್ಲಿ ನೋಡ್ರಿ, ನಡುವ ಉಬ್ಬೇತಿ. ಈ ನಾಕ್ ಸಾಲು ಅಷ್ಟ ಬಿಚ್ಚಿ, ಬಟ್ಟಿ ಎಳದು ಮತ್ತ ಹೊಲದು ಕೊಡ್ರಿ. ಉಳಿದದ್ದು ಛೊಲೊ ಆಗೇತಿ.'

ಕೊನೆಯ ಮಾತನ್ನು ಬಿಡಬೇಡಿ, ಆದರೆ ಸುಳ್ಳಾಗಿ ಹೇಳಬೇಡಿ. ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿಯಿರಿ ಎಂದು ಕೇಳುವುದು ಸರಿಯಲ್ಲ. ಹಾಗೆ ಬಿಚ್ಚಿದರೆ ಹಳೇ ಬಟ್ಟೆಯಲ್ಲಿ ತೂತು ಉಳಿಯುತ್ತದೆ, ಹೊಲಿದವರ ಎಷ್ಟೋ ದಿನದ ದುಡಿಮೆ ಮಣ್ಣಾಗುತ್ತದೆ. ಓಣಿಗೆ ಬಂದು ಹೊಲಿದುಕೊಡುವವರಾದರೆ ಅವರು ಮುಂದಿನ ಊರಿಗೆ ಹೊರಡುವ ದಿನವನ್ನು ಮೊದಲೇ ಕೇಳಿಕೊಳ್ಳಿ. ಹೊರಟ ಮೇಲೆ ದುರಸ್ತಿ ನಿಮ್ಮ ತಲೆಗೇ.

ದುರಸ್ತಿ

ಉಬ್ಬಿಗೆ, ಉಬ್ಬಿದ ಜಾಗ ಮತ್ತು ಸುತ್ತ ಒಂದು ಗೇಣು ಅಗಲದ ಸಾಲುಗಳನ್ನಷ್ಟೇ ಬಿಚ್ಚಬೇಕು. ಬ್ಲೇಡು ಬೇಡ. ಚೂಪು ಮೂತಿಯ ಸಣ್ಣ ಕತ್ತರಿಯಿಂದ ಹಿಂಬದಿಯಲ್ಲಿ ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸಿ, ಮುಂಬದಿಯಿಂದ ದಾರ ಎಳೆದರೆ ಬಟ್ಟೆಗೆ ಪೆಟ್ಟಾಗದು. ಬಿಚ್ಚುವ ಸಾಲಿನ ಎರಡೂ ತುದಿಯಲ್ಲಿ ಉಳಿದ ದಾರವನ್ನು ಒಳಗೆ ಕಟ್ಟಿಬಿಡಿ, ಇಲ್ಲದಿದ್ದರೆ ಆಚೆಯ ಸಾಲೂ ಜಾರುತ್ತದೆ. ಪದರಗಳನ್ನು ಸವರಿ ಕೂರಿಸಿ, ಗೇಣಿಗೊಂದು ಕಚ್ಚಾ ಹೊಲಿಗೆ ಹಾಕಿ, ಮೊದಲಿನ ಸಾಲಿನ ದಿಕ್ಕಿನಲ್ಲೇ ಹೊಲಿಯಬೇಕು. ಹೆಚ್ಚಾದ ಬಟ್ಟೆ ಎರಡಿಂಚು ಮೀರಿದ್ದರೆ ಸವರಿದರೆ ಹೋಗದು. ಅದನ್ನು ಒಂದು ಮಡಿಕೆಯಾಗಿ ಮಡಿಸಿ, ಮೇಲೊಂದು ಬಣ್ಣದ ತುಂಡು ಹಚ್ಚಿ ಮುಚ್ಚುವುದೇ ದಾರಿ. ಕೌದಿಯಲ್ಲಿ ಇನ್ನೊಂದು ತುಂಡು ಯಾರ ಕಣ್ಣಿಗೂ ಹೊರಗಿನದಾಗಿ ಕಾಣುವುದಿಲ್ಲ.

ಸಾಲು ದೂರ ದೂರವಿದ್ದರೆ ಬಿಚ್ಚಬೇಕಾದ್ದೇನೂ ಇಲ್ಲ, ನಡುನಡುವೆ ಒಂದೊಂದು ಸಾಲು ಸೇರಿಸಿದರಾಯಿತು. ದಾರ ದುರ್ಬಲವಾಗಿದ್ದರೆ ಹಳೇ ಸಾಲಿನ ಪಕ್ಕದಲ್ಲೇ ಹೊಸ ಸಾಲು ಹೊಲಿದು, ಆಮೇಲೆ ಹಳೆಯದನ್ನು ಎಳೆದು ತೆಗೆಯಿರಿ. ಮೊದಲು ತೆಗೆದರೆ ಪದರ ಸರಿಯುತ್ತದೆ. ಸೊಟ್ಟಗಾದದ್ದಕ್ಕೆ ಅಂಚುಪಟ್ಟಿ ಬಿಚ್ಚಿ, ದಾರ ಹಿಡಿದು ಸೀಮೆಸುಣ್ಣದ ಗೆರೆ ಹಾಕಿ, ಕತ್ತರಿಸಿ, ಪಟ್ಟಿಯನ್ನು ಅರ್ಧ ಇಂಚು ಒಳಮಡಿಸಿ ಮತ್ತೆ ಕಟ್ಟಬೇಕು. ಕೌದಿ ಆ ಮಟ್ಟಿಗೆ ಕಿರಿದಾಗುತ್ತದೆ. ಕತ್ತರಿಸುವ ಮೊದಲು ಗೆರೆಯ ಒಳಗಡೆ ಒಂದು ಸುತ್ತು ಹೊಲಿಗೆ ಹಾಕದಿದ್ದರೆ ಕತ್ತರಿಸಿದ ಕಡೆಯ ಸಾಲುಗಳೆಲ್ಲ ಬಿಚ್ಚಿಕೊಳ್ಳುತ್ತವೆ.

ಬಣ್ಣ ಹರಡಿದ್ದರೆ ಒಣಗಲು ಬಿಡದೆ, ದೊಡ್ಡ ಪಾತ್ರೆ ಅಥವಾ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿಟ್ಟು, ನೀರು ತಿಳಿಯಾಗುವ ತನಕ ಬದಲಿಸುತ್ತ ಹೋಗಿ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ನಂಬಿ ಕೂರಬೇಡಿ.

ದುಡ್ಡಿನ ಮಾತು

ಸರಿಮಾಡಲಾಗದ ತಪ್ಪುಗಳೂ ಇವೆ. ಕತ್ತರಿಸಬೇಡಿ ಎಂದು ಹೇಳಿದ ಅವ್ವನ ಸೀರೆಯ ಸೆರಗು ತುಂಡಾಗಿದ್ದರೆ ಅದನ್ನು ಯಾವ ಹೊಲಿಗೆಯೂ ಮರಳಿಸದು. ಅಲ್ಲಿ ಕೂಲಿಯಲ್ಲಿ ಇಷ್ಟು ಕಡಿಮೆ ಎಂದು ಒಪ್ಪಂದಕ್ಕೆ ಬರುವುದೊಂದೇ ಉಳಿಯುತ್ತದೆ. ಆದರೆ ಡೊಂಕು ಸಾಲಿನಂಥದ್ದಕ್ಕೆ ಪೂರ್ತಿ ಕೂಲಿ ಹಿಡಿಯುವುದು ಅನ್ಯಾಯ. ಅವರು ದುರಸ್ತಿ ಮಾಡಿಕೊಡಲು ಒಪ್ಪದಿದ್ದರೆ, ಬೇರೆಯವರಿಂದ ಸರಿಮಾಡಿಸಲು ತಗಲುವ ಖರ್ಚನ್ನಷ್ಟೇ ಹಿಡಿದು ಉಳಿದದ್ದನ್ನು ಕೊಟ್ಟುಬಿಡಿ. ಹೊಸದಾಗಿ ಹೊಲಿಸುವವರು ಕೂಲಿಯ ಕಾಲು ಭಾಗ ಕೌದಿ ಹಾಸಿ ನೋಡಿದ ಮೇಲೆ ಎಂದು ಮೊದಲೇ ಮಾತಾಡಿಕೊಂಡರೆ ಈ ಎಳೆದಾಟ ಬಾರದು.

ಅಂಗಡಿ, ಬುಟಿಕ್ ಅಥವಾ ಆನ್‌ಲೈನ್ ಮಾರಾಟಗಾರರಿಗೆ ಸಾವಿರಗಟ್ಟಲೆ ಕೊಟ್ಟು ಮಾಡಿಸಿದ್ದಾದರೆ ದಾರಿ ಬೇರೆ. ಬಿಲ್ಲು, ಅಳತೆ ಬರೆದು ಕಳಿಸಿದ ಸಂದೇಶ, ಪಿನ್ ಹಾಕಿದ ಫೋಟೊಗಳ ಜೊತೆ ಬರಹದಲ್ಲೇ ದೂರು ಕಳಿಸಿ, ಹದಿನೈದು ದಿನ ಗಡುವು ಕೊಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದೂ ಸಾಲದಾದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.